ನಾರ್ವೆಯ ವೈಕಿಂಗ್ ಕಾಮಿಡಿ ನೋಡಿ ಕಲಬುರಗಿಯಲ್ಲಿ ಹದಿನೈದು ನಿಮಿಷದ ನಾಟಕ ಕಟ್ಟೋದು ಹೇಗೆ

ಜಾತ್ರೆಗೋ, ಗಣಪತಿ ಹಬ್ಬಕ್ಕೋ, ಕಾಲೇಜಿನ ಗ್ಯಾದರಿಂಗ್‌ಗೋ ಒಂದು ನಗೆ ನಾಟಕ ಮಾಡೋಣ ಅಂತ ಹುಡುಗರು ಸೇರುತ್ತಾರೆ. ಬರೆಯೋಕೆ ಕೂತರೆ ಬರೋದು ಅದೇ ಮೂರು ಜನ. ಒಬ್ಬ ಕುಡುಕ, ಒಬ್ಬ ಹೆಂಡತಿಗೆ ಹೆದರುವ ಗಂಡ, ಒಬ್ಬ ತೊದಲು ಮಾತಿನ ಆಳು. ಜನ ನಗೋದಿಲ್ಲ ಅಂತಲ್ಲ, ನಗುತ್ತಾರೆ. ಆದರೆ ಮನೆ ಮುಟ್ಟುವ ಹೊತ್ತಿಗೆ ಯಾರ ಬಾಯಲ್ಲೂ ನಾಟಕದ ಒಂದು ಮಾತೂ ಉಳಿದಿರೋದಿಲ್ಲ. ನಮ್ಮ ಓಣಿಯ ಹುಡುಗರ ಜೊತೆ ನಾನು ಮಾಡಿಸಿದ ಮೊದಲ ಎರಡು ನಾಟಕಗಳೂ ಹಾಗೇ ಆದವು. ಮೂರನೆಯದಕ್ಕೆ ದಾರಿ ತೋರಿಸಿದ್ದು ನಾರ್ವೆ ದೇಶದ ಒಂದು ಟೀವಿ ಕಾಮಿಡಿ. ಅದನ್ನು ಹೇಗೆ ನೋಡಬೇಕು, ಅದರಿಂದ ಏನು ಎತ್ತಿಕೊಳ್ಳಬೇಕು, ನಮ್ಮ ಕಟ್ಟೆ ಮೇಲೆ ಹೇಗೆ ಆಡಬೇಕು ಅಂತ ಬರೆಯುತ್ತಿದ್ದೇನೆ, ಮಾಡುವವರಿಗೆ ಉಪಯೋಗಕ್ಕೆ ಬರಲಿ.

ಸೀರಿಯಲ್ ಹೆಸರು ಅಲ್ಲಿ ‘ವೀಕಿಂಗಾನೆ’, ಹೊರದೇಶದವರಿಗೆ ‘ನಾರ್ಸ್‌ಮೆನ್’. 2016ರಲ್ಲಿ ಅಲ್ಲಿನ ಸಾರ್ವಜನಿಕ ಟೀವಿ ಎನ್‌ಆರ್‌ಕೆಯಲ್ಲಿ ಶುರುವಾಯಿತು, ಮರುವರ್ಷ ನೆಟ್‌ಫ್ಲಿಕ್ಸ್ ಮೂಲಕ ಬೇರೆ ದೇಶಗಳಿಗೆ ಬಂತು. ಕಟ್ಟಿದವರು ಯೂನ್ ಈವರ್ ಹೆಲ್ಗಾಕೆರ್ ಮತ್ತು ಯೂನಾಸ್ ತೋರ್ಗರ್ಸೆನ್. ಮೂರು ಸೀಸನ್, ಒಂದೊಂದರಲ್ಲಿ ಆರು ಕಂತು, ಒಂದು ಕಂತು ಸುಮಾರು ಅರ್ಧ ಗಂಟೆ. ಕಥೆ ನಡೆಯೋದು ಕ್ರಿ.ಶ. 790ರಲ್ಲಿ, ನೋರ್‌ಹೈಮ್ ಅನ್ನುವ ವೈಕಿಂಗರ ಹಳ್ಳಿಯಲ್ಲಿ. ವೈಕಿಂಗರು ಅಂದರೆ ಹಡಗು ಹತ್ತಿ ಹೋಗಿ ಬೇರೆ ಊರುಗಳ ಮೇಲೆ ದಾಳಿ ಮಾಡುತ್ತಿದ್ದ ಆ ಕಡೆಯ ಹಳೇ ಕಾಲದ ಜನ. ಶೂಟಿಂಗ್ ಆದದ್ದು ನಾರ್ವೆಯ ಪಶ್ಚಿಮ ಕರಾವಳಿಯ ಕಾರ್ಮೊಯ್ ದ್ವೀಪದ ಆವಾಲ್ಡ್ಸ್‌ನೆಸ್‌ನಲ್ಲಿ.

ಹಳ್ಳಿಯಲ್ಲಿ ಎಲ್ಲಾ ಹಳೇ ಕಾಲದ್ದೇ. ಕೊಡಲಿ, ಗುರಾಣಿ, ತುಪ್ಪಳದ ಹೊದಿಕೆ, ಕೆಸರು. ಮಾತು ಮಾತ್ರ ಇವತ್ತಿನದು. ಮುಖ್ಯಸ್ಥ ಓಲಾವ್ ದಾಳಿಗೆ ಹೋದಾಗ ಅವನ ತಮ್ಮ ಓರ್ಮ್ ಊರು ನೋಡಿಕೊಳ್ಳುತ್ತಾನೆ. ಇವನಿಗೆ ಕತ್ತಿ ಹಿಡಿಯೋದು ಬರೋದಿಲ್ಲ, ಮ್ಯಾನೇಜರ್ ಥರ ಮಾತಾಡೋದು ಮಾತ್ರ ಚೆನ್ನಾಗಿ ಬರುತ್ತದೆ. ಗುಲಾಮನಾಗಿ ಹಿಡಿದು ತಂದ ರೂಫುಸ್ ಅನ್ನುವ ರೋಮ್ ನಾಟಕದವನು, ಈ ಊರಿಗೆ ಕಲೆ ಸಂಸ್ಕೃತಿ ಬೇಕು ಅಂತ ಓರ್ಮ್‌ನ ತಲೆಗೆ ತುಂಬುತ್ತಾನೆ. ಪಕ್ಕದ ಸೀಮೆಯ ಕ್ರೂರ ದೊರೆ ವಾರ್ಗ್‌ಗೆ ತನ್ನ ಬೋಳು ತಲೆಯದೇ ಚಿಂತೆ. ಕಾರ್ಕ್ ಅಂತ ಒಬ್ಬನಿದ್ದಾನೆ. ಅವನಿಗೆ ಒಮ್ಮೆ ಬಿಡುಗಡೆ ಸಿಕ್ಕಿತ್ತು, ಆದರೂ ಗುಲಾಮನಾಗಿಯೇ ಇರ್ತೀನಿ ಅಂತ ತಾನೇ ವಾಪಸ್ ಬಂದವನು. ಇವನನ್ನು ನೋಡಿ ನಕ್ಕೆ, ಆಮೇಲೆ ಎರಡು ದಿನ ಅವನೇ ತಲೆಯಲ್ಲಿ ಕೂತಿದ್ದ.

ಮೊದಲು ನೋಡುವ ಕೆಲಸ. ಮಕ್ಕಳನ್ನು ಕೂರಿಸಿಕೊಂಡು ನೋಡಬೇಡಿ. ರಕ್ತ ಜಾಸ್ತಿ, ಹಸಿ ಹಸಿ ಮಾತು ಜಾಸ್ತಿ, ಅಪ್ಪ ಅವ್ವನ ಎದುರು ನೋಡೋಕೆ ಆಗದಂಥ ದೃಶ್ಯಗಳೂ ಇವೆ. ನನ್ನ ಮಟ್ಟಿಗೆ ಅಷ್ಟು ರಕ್ತ ಬೇಕಿರಲಿಲ್ಲ, ಅಂಥ ಕಡೆ ಮುಂದೆ ಓಡಿಸಿದರೂ ಏನೂ ತಪ್ಪಿಹೋಗೋದಿಲ್ಲ. ಒಂದು ಕಂತನ್ನು ಎರಡು ಸಲ ನೋಡಿ. ಮೊದಲ ಸಲ ಸುಮ್ನೆ ನಗೋಕೆ. ಎರಡನೇ ಸಲ ಪಕ್ಕದಲ್ಲಿ ನೋಟ್‌ಬುಕ್ ಇಟ್ಟುಕೊಂಡು, ಯಾವ ಮಾತನ್ನು ನೀವು ಈ ವಾರ ಆಫೀಸಿನಲ್ಲೋ ಬ್ಯಾಂಕಿನಲ್ಲೋ ಸ್ಟಾಫ್ ರೂಮಿನಲ್ಲೋ ಕೇಳಿದ್ದೀರಿ ಅಂತ ಗುರುತು ಹಾಕಿ. ಅಲ್ಲಿ ವಯಸ್ಸಾದವರನ್ನು ಬಂಡೆಯ ತುದಿಯಿಂದ ಹಾರಿ ಸಾಯೋಕೆ ಕಳಿಸುವ ಪದ್ಧತಿ ಬರುತ್ತದೆ, ನಾರ್ವೆಯವರು ಅದಕ್ಕೆ ‘ಎಟ್ಟೆಸ್ಟೂಪ್’ ಅಂತಾರೆ. ಅಂಥದ್ದು ನಿಜವಾಗಿ ನಡೆದಿತ್ತು ಅನ್ನೋದಕ್ಕೆ ಪುರಾವೆ ಇಲ್ಲ, ಹಳೇ ಕಥೆಗಳಿಂದ ಬಂದ ನಂಬಿಕೆ ಅಷ್ಟೇ. ಹಾಗಾಗಿ ಇದನ್ನು ನೋಡಿ ಇತಿಹಾಸ ಕಲಿಯೋಕೆ ಹೋಗಬೇಡಿ. ಗಮನಿಸಬೇಕಾದ್ದು ಸಾವಿನ ಮಾತನ್ನು ಎಷ್ಟು ನಯವಾಗಿ ಆಡುತ್ತಾರೆ ಅನ್ನೋದನ್ನ. ಯಾರೂ ಗದರಿಸೋದಿಲ್ಲ, ಯಾರೂ ಕೂಗೋದಿಲ್ಲ.

ಆ ನಯದ ಹಿಂದೆ ಅವರ ಸಮಾಜ ಇದೆ. ಆಕ್ಸೆಲ್ ಸಾಂಡೆಮೋಸೆ ಅನ್ನುವ ಲೇಖಕ 1933ರ ಒಂದು ಕಾದಂಬರಿಯಲ್ಲಿ ‘ಯಾಂಟೆಯ ಕಾನೂನು’ ಅಂತ ಹತ್ತು ಕಟ್ಟಳೆ ಬರೆದ. ಅದರ ತಿರುಳು ಇಷ್ಟೇ: ನೀನೇನು ದೊಡ್ಡವನು ಅಂದುಕೊಳ್ಳಬೇಡ, ನಮಗಿಂತ ಹೆಚ್ಚು ಅಂದುಕೊಳ್ಳಬೇಡ. ಅವನು ಸಣ್ಣ ಊರಿನ ಉಸಿರುಕಟ್ಟುವ ವಾತಾವರಣ ತೋರಿಸೋಕೆ ಬರೆದದ್ದು, ಆದರೆ ಇವತ್ತಿಗೂ ನಾರ್ವೆ, ಡೆನ್ಮಾರ್ಕ್‌ನ ಜನ ತಮ್ಮ ಸ್ವಭಾವದ ಬಗ್ಗೆ ಮಾತಾಡುವಾಗ ಅದನ್ನೇ ಎತ್ತುತ್ತಾರೆ. ಇದು ಗೊತ್ತಿದ್ದರೆ ಓರ್ಮ್ ಯಾಕೆ ನಗು ತರಿಸುತ್ತಾನೆ ಅಂತ ತಿಳಿಯುತ್ತದೆ. ಎಲ್ಲರನ್ನೂ ಕೇಳಿ ಎಲ್ಲರ ಒಪ್ಪಿಗೆ ಪಡೆದು ನಡೆಯೋದನ್ನ ದೊಡ್ಡ ಗುಣ ಅಂತ ನಂಬಿದ ದೇಶ, ಆ ಗುಣವನ್ನೇ ಕೊಡಲಿ ಹಿಡಿದವರ ಊರಲ್ಲಿ ಇಟ್ಟು ನೋಡುತ್ತಿದೆ.

ಈಗ ನಮ್ಮ ಕಡೆ ಬನ್ನಿ. ಅವರು 790 ಅಂದಾಗ ನನಗೆ ತಟ್ಟನೆ ಹೊಳೆದದ್ದು, ಆಗ ನಮ್ಮಲ್ಲಿ ಯಾರಿದ್ದರು ಅಂತ. ಈ ಸೀಮೆ ರಾಷ್ಟ್ರಕೂಟರ ಕೈಯಲ್ಲಿತ್ತು, ದೊರೆ ಧ್ರುವ. ಕಾಗಿಣಾ ದಂಡೆಯ ಮಳಖೇಡ ರಾಜಧಾನಿಯಾಗಿ ಮೆರೆದದ್ದು ಅದಾದ ಮೇಲೆ, ಅಮೋಘವರ್ಷ ನೃಪತುಂಗನ ಕಾಲಕ್ಕೆ. ಕಲ್ಲಿನಲ್ಲಿ ಕನ್ನಡ ಕೆತ್ತೋದು ಆಗಲೇ ನಡೆದಿತ್ತು. ಭೂಮಿ ಕೊಟ್ಟರೆ ಕಲ್ಲು, ಕೆರೆ ಕಟ್ಟಿಸಿದರೆ ಕಲ್ಲು, ಯುದ್ಧದಲ್ಲಿ ಸತ್ತರೆ ಕಲ್ಲು. ನಾಟಕಕ್ಕೆ ಇದಕ್ಕಿಂತ ಒಳ್ಳೇ ಜಾಗ ಬೇಕಾ? ಆದರೆ ಒಂದು ಮಾತು ಗಟ್ಟಿಯಾಗಿ ಹೇಳುತ್ತೇನೆ. ರಾಜನನ್ನು ತರಬೇಡಿ, ಶರಣರನ್ನು ತರಬೇಡಿ, ದರ್ಗಾ ಗುಡಿ ಯಾವುದನ್ನೂ ತರಬೇಡಿ. ನೋರ್‌ಹೈಮ್ ಕೂಡ ಕಟ್ಟಿದ ಊರೇ. ನಿಮ್ಮದೂ ಕಾಗಿಣಾ ದಂಡೆಯ ಹೆಸರಿಲ್ಲದ ಹಳ್ಳಿಯಾಗಿರಲಿ, ಒಂದು ಅಗಸಿ, ಒಂದು ಛಾವಡಿ, ನಾಲ್ಕು ಜನ. ಜನ ಪೂಜೆ ಮಾಡುವವರ ಹೆಸರು ಬಂದರೆ ನೋಡುವವರ ಗಮನ ಅಲ್ಲಿಗೇ ಹೋಗುತ್ತದೆ, ನೀವು ಹೇಳಬೇಕಾದ ಮಾತು ಬಿದ್ದುಹೋಗುತ್ತದೆ.

ಮುಂದಿನ ಕೆಲಸ, ಒಂದು ಸಂಕಟ ಆರಿಸೋದು. ಒಂದೇ ಒಂದು. ನೀವೇ ಅನುಭವಿಸಿದ್ದು. ನಾನು ಆರಿಸಿದ್ದು ಅವ್ವನ ಹೆಸರಿನ ಒಂದು ಸರ್ಟಿಫಿಕೇಟಿಗೆ ಓಡಾಡಿದ್ದು. ಯಾವ ಆಫೀಸು ಅಂತ ಬೇಡ. ಮೂರು ಸಲ ಹೋದೆ, ಮೂರು ಸಲವೂ ಬೇರೆ ಬೇರೆ ಕಾಗದ ಕೇಳಿದರು. ಕೌಂಟರಿನಲ್ಲಿ ಕೂತಿದ್ದವರು ಕೆಟ್ಟವರಲ್ಲ. ಮೇ ತಿಂಗಳ ಬಿಸಿಲು ಅಂತ ಅವ್ವನಿಗೆ ತಾವೇ ಎದ್ದು ನೀರು ತಂದುಕೊಟ್ಟರು, ಕುರ್ಚಿ ಕೊಟ್ಟರು, ಆಮೇಲೆ ಅಷ್ಟೇ ಪ್ರೀತಿಯಿಂದ ‘ನಾಳಿ ಬರ್ರಿ’ ಅಂದರು. ಇದನ್ನು ಬರೆಯುವಾಗ ಮೊದಲು ನಾನು ಆ ಮನುಷ್ಯನನ್ನು ಲಂಚಕೋರ ಮಾಡಿ ಬರೆದಿದ್ದೆ. ಸೀರಿಯಲ್ ಮತ್ತೆ ನೋಡಿದ ಮೇಲೆ ಅದನ್ನು ಹರಿದು ಹಾಕಿದೆ. ನೀರು ಕೊಟ್ಟು ನಾಳೆ ಬಾ ಅನ್ನುವವನೇ ನಿಜವಾದವನು, ಅವನನ್ನೇ ಬರೆಯಬೇಕು.

ಸಂಕಟ ಸಿಕ್ಕ ಮೇಲೆ ಅದರೊಳಗಿನ ಇವತ್ತಿನ ವಸ್ತು ತೆಗೆದು ಆ ಕಾಲದ ವಸ್ತು ಇಡಿ. ಸರ್ಟಿಫಿಕೇಟ್ ಜಾಗದಲ್ಲಿ ಶಾಸನದ ಕಲ್ಲು. ಕಂಪ್ಯೂಟರ್ ಜಾಗದಲ್ಲಿ ಉಳಿ. ಸರ್ವರ್ ಡೌನ್ ಅನ್ನೋ ಜಾಗದಲ್ಲಿ ‘ಉಳಿ ಸಾಣೆಗೆ ಹೋಗ್ಯದ’. ಮಾತು ಮಾತ್ರ ಒಂದಕ್ಷರ ಬದಲಿಸಬೇಡಿ. ನಮ್ಮ ನಾಟಕದ ತುಂಡು ಹೀಗಿತ್ತು:

“ಸಾಹೇಬ್ರ, ನನ್ ಹೊಲದ ಗಡಿ ಕಲ್ಲಿನ್ಯಾಗ ಬರೆಸಬೇಕಾಗ್ಯದರಿ.”

“ಬರ್ರಿ ಮುತ್ಯಾ, ಕುಂದರ್ರಿ. ನೀರು ಕುಡೀತೀರಿ? ನಿಮ್ಮಪ್ಪಂದು ಹಳಿ ಕಲ್ಲು ತಂದೀರೇನು?”

“ಅದು ಹೊಲದಾಗ ಹುಗದದರಿ.”

“ಹುಗದಿದ್ರ ಇರ್ಲಿ. ಅದರ ಎರಡು ಕಾಪಿ ತೊಗೊಂಡ್ ಬರ್ರಿ.”

“ಕಲ್ಲಿಂದರಿ?”

“ಹೂಂ, ಕಲ್ಲಿಂದೇ. ಎರಡೂ ಒಂದೇ ಅಳತೀದು ಇರಬೇಕು ನೋಡ್ರಿ. ಹ್ವಾದ ವಾರ ಒಬ್ರು ಒಂದು ಸಣ್ಣದು ಒಂದು ದೊಡ್ಡದು ತಂದಿದ್ರು, ಪಾಪ, ವಾಪಸ್ ಕಳಸಬೇಕಾಯ್ತು.”

“ಎರಡು ಯಾಕ್ರಿ ಸಾಹೇಬ್ರ?”

“ಒಂದು ನಮಗ, ಒಂದು ಮ್ಯಾಲಿನವ್ರಿಗಿ.”

ನೋಡಿ, ಇಲ್ಲಿ ಜೋಕ್ ಅಂತ ಯಾವುದೂ ಇಲ್ಲ. ಕಾಪಿ ಅನ್ನೋ ಮಾತು ಆ ಕಾಲದಲ್ಲಿ ಎಲ್ಲಿತ್ತು, ಸಾಹೇಬ್ರು ಅನ್ನೋದು ಎಲ್ಲಿತ್ತು ಅಂತ ಹುಡುಗರು ಕೇಳಿದರು. ಅದೇ ಬೇಕಾದದ್ದು. ಪೌರಾಣಿಕ ನಾಟಕದ ಹಾಗೆ ‘ಎಲೈ ಮಾನವನೇ’ ಅಂತ ಶುರುಮಾಡಿದರೆ ಮುಗಿಯಿತು, ಜನರಿಗೆ ಅದು ಬೇರೆ ಯಾರದೋ ಕಥೆಯಾಗುತ್ತದೆ. ಮನೆಯಲ್ಲಿ ಆಡುವ ಕಲಬುರಗಿ ಮಾತೇ ಇರಲಿ, ಅರ್ಜಿ, ತಕರಾರು, ಜಲ್ದಿ, ಬರಾಬರಿ ಎಲ್ಲವೂ ಇರಲಿ. ಬೀದರ್‌ನವರು ಬೀದರ್ ಮಾತಲ್ಲಿ, ಯಾದಗಿರಿಯವರು ಅಲ್ಲಿಯ ಮಾತಲ್ಲಿ ಬರೆಯಿರಿ. ನಮ್ಮ ತುಂಡನ್ನು ಹಾಗೇ ಎತ್ತಿಕೊಂಡು ಹೋಗಿ ಆಡಿದರೆ ಅಷ್ಟು ಹತ್ತೋದಿಲ್ಲ.

ಇನ್ನು ತಾಲೀಮು. ಇಲ್ಲಿ ನಿಧಾನವಾಗಿ ಹೋಗಿ, ನಾಟಕ ಉಳಿಯೋದು ಹೋಗೋದು ಎರಡೂ ಇಲ್ಲೇ.

‘ನಾರ್ಸ್‌ಮೆನ್’ ಮಾಡಿದವರು ಒಂದು ಕಷ್ಟದ ಕೆಲಸ ಮಾಡಿದ್ದಾರೆ. ಪ್ರತಿ ದೃಶ್ಯವನ್ನೂ ಎರಡು ಸಲ ಶೂಟ್ ಮಾಡಿದ್ದಾರೆ, ಒಮ್ಮೆ ನಾರ್ವೇಜಿಯನ್‌ನಲ್ಲಿ, ಒಮ್ಮೆ ಇಂಗ್ಲಿಷ್‌ನಲ್ಲಿ. ಅದೇ ನಟರು, ಅದೇ ಚಳಿ, ಅದೇ ಕೆಸರು. ಡಬ್ಬಿಂಗ್ ಅಲ್ಲ. ಇದನ್ನು ಓದಿದಾಗ ನಾನು ಯೋಚಿಸಿದೆ, ನಮ್ಮ ಹುಡುಗರಿಗೆ ಭಾಷೆಗಳಿಗೆ ಬರವೇ ಇಲ್ಲವಲ್ಲ? ಇಬ್ಬರ ಮನೆಮಾತು ದಖನಿ, ಒಬ್ಬ ಬೀದರ್ ಕಡೆಯವನು, ಮರಾಠಿ ಚೆನ್ನಾಗಿ ಬರುತ್ತದೆ. ಒಂದು ಸಂಜೆ ಇಡೀ ನಾಟಕವನ್ನು ದಖನಿಯಲ್ಲಿ ಆಡಿಸಿದೆ. ನಮ್ಮ ಮೊದಲ ಬರಹದಲ್ಲಿ ಕಲ್ಲು, ಕಳ್ಳು ಅಂತ ಒಂದು ಮಾತಿನ ಆಟ ಇತ್ತು, ಮುತ್ಯಾ ಕಲ್ಲು ತರ್ತೀನಿ ಅಂದರೆ ಸಾಹೇಬರಿಗೆ ಕಳ್ಳು ಅಂತ ಕೇಳಿಸೋದು. ಕನ್ನಡದಲ್ಲಿ ಹುಡುಗರು ಪ್ರತಿ ಸಲ ನಗುತ್ತಿದ್ದರು. ದಖನಿಯಲ್ಲಿ ಒಂದು ಪತ್ಥರ್, ಇನ್ನೊಂದು ಸೇಂದಿ. ಆ ಜಾಗ ಖಾಲಿ ಬಿತ್ತು, ಆಡುವವನು ಸುಮ್ನೆ ನಿಂತುಬಿಟ್ಟ. ಆದರೆ ‘ದೋನೋ ಪತ್ಥರ್ ಏಕೀಚ್ ಮಾಪ್ ಕೇ ಹೋನಾ’, ಎರಡೂ ಕಲ್ಲು ಒಂದೇ ಅಳತೀದು ಇರಬೇಕು, ಅಂದಾಗ ಎಲ್ಲರೂ ನಕ್ಕರು. ಅವತ್ತೇ ಕಳ್ಳಿನ ಮಾತು ತೆಗೆದೆ. ನೀವೂ ಹೀಗೇ ಮಾಡಿ. ಬೇರೆ ಭಾಷೆಗೆ ಹೋದರೂ ನಗು ತರಿಸುವ ಮಾತು ಸಂದರ್ಭದಿಂದ ಹುಟ್ಟಿದ್ದು, ಅದನ್ನು ಇಟ್ಟುಕೊಳ್ಳಿ. ಸತ್ತುಹೋಗುವ ಮಾತು ಬರೀ ಶಬ್ದದ ಆಟ, ಹದಿನೈದು ನಿಮಿಷದ ನಾಟಕದಲ್ಲಿ ಅಂಥದ್ದು ಒಂದಕ್ಕಿಂತ ಜಾಸ್ತಿ ಬೇಡ. ತೆಲುಗು, ಮರಾಠಿ, ಉರ್ದು, ಲಂಬಾಣಿ, ಯಾವುದು ಬರುತ್ತದೋ ಅದರಲ್ಲಿ ಒಂದು ತಾಲೀಮು ಇಟ್ಟುಕೊಳ್ಳಿ, ಈ ಮೂರು ಜಿಲ್ಲೆಯಲ್ಲಿ ಅದಕ್ಕೆ ಜನ ಹುಡುಕಬೇಕಾಗಿಲ್ಲ.

ಎರಡನೆಯದು ಮುಖ. ಆ ಸೀರಿಯಲ್‌ನ ನಟರು ಒಬ್ಬರೂ ನಗೋದಿಲ್ಲ. ಓರ್ಮ್ ಪಾತ್ರದ ಕೋರೆ ಕೊನ್ರಾಡಿ, ವಾರ್ಗ್ ಪಾತ್ರದ ಯೂನ್ ಓಯ್‌ಗಾರ್ಡೆನ್ ಇಬ್ಬರನ್ನೂ ನೋಡಿ, ತಾವು ಕಾಮಿಡಿಯಲ್ಲಿದ್ದೇವೆ ಅಂತ ಅವರಿಗೆ ಗೊತ್ತೇ ಇಲ್ಲದ ಹಾಗೆ ಆಡುತ್ತಾರೆ. ನಮ್ಮಲ್ಲಿ ಸಾಹೇಬರ ಪಾರ್ಟು ಮಾಡಿದ್ದು ಓಣಿಯ ಒಬ್ಬ ಕಾಕಾ, ಊರ ನಾಟಕಗಳಲ್ಲಿ ಪಳಗಿದವರು. ದೊಡ್ಡ ದನಿ, ದೊಡ್ಡ ಕೈ. ‘ಎರಡು ಕಾಪಿ’ ಅಂದ ಕೂಡಲೇ ಜನರ ಕಡೆ ತಿರುಗಿ ಹುಬ್ಬು ಕುಣಿಸೋರು. ಅಲ್ಲಿಗೆ ದೃಶ್ಯ ಕುಸಿಯೋದು. ಹಿರಿಯರು, ಹೀಗೆ ಮಾಡಬೇಡಿ ಅಂತ ಹೇಳೋಕೆ ನನಗೂ ಬಾಯಿ ಬರಲಿಲ್ಲ. ಅವರದು ಸಣ್ಣ ಕಿರಾಣಿ ಅಂಗಡಿ. ಒಂದು ದಿನ ಅಲ್ಲಿ ನಿಂತಿದ್ದಾಗ ಒಬ್ಬರು ತೊಗರಿಬೇಳೆ ಕೇಳಿದರು. ಕಾಕಾ ತಕ್ಕಡಿ ಮೇಲೆ ಕಣ್ಣಿಟ್ಟುಕೊಂಡೇ, ತಲೆ ಎತ್ತದೆ, ‘ಹಳೇದು ಬೇಕೋ ಹೊಸಾದೋ’ ಅಂದರು. ನಾನು ಅಂದೆ, ಕಾಕಾ, ಸಾಹೇಬರು ಮಾತಾಡೋದು ಹೀಗೇರಿ. ಅವರು ಒಂದು ಗಳಿಗೆ ಸುಮ್ಮನಾದರು. ಸಂಜೆ ತಾಲೀಮಿಗೆ ಬರುವಾಗ ಅಂಗಡಿಯ ಲೆಕ್ಕದ ಪುಸ್ತಕ ತಂದರು, ಅದನ್ನು ನೋಡುತ್ತಲೇ ‘ಅದರ ಎರಡು ಕಾಪಿ ತೊಗೊಂಡ್ ಬರ್ರಿ’ ಅಂದರು. ಹುಡುಗರು ಬಿದ್ದು ಬಿದ್ದು ನಕ್ಕರು. ಹೊಸ ನಟರಿಗೆ ಕೈಗೊಂದು ಕೆಲಸ ಕೊಡಿ. ಎಣಿಸೋದು, ಒರೆಸೋದು, ಕಟ್ಟೋದು. ಕಣ್ಣು ಕೆಲಸದ ಮೇಲಿದ್ದರೆ ಜನರ ಕಡೆ ಹೋಗೋದಿಲ್ಲ.

ಯಾರನ್ನು ನೋಡಿ ನಗಬೇಕು ಅನ್ನೋದನ್ನ ಬರೆಯುವಾಗಲೇ ತೀರ್ಮಾನ ಮಾಡಿಕೊಳ್ಳಿ. ನಮ್ಮ ನಾಟಕದಲ್ಲಿ ಮುತ್ಯಾನನ್ನು ದಡ್ಡ ಮಾಡಬಾರದು ಅಂತ ನಾನು ಹಟ ಹಿಡಿದೆ. ಅವನಿಗೆ ಎಲ್ಲಾ ಗೊತ್ತು, ಆದರೂ ಕೇಳುತ್ತಾನೆ, ಯಾಕಂದ್ರೆ ಹೊಲ ಅವನದು. ಕಾರ್ಕ್‌ನಂಥ ಪಾತ್ರ ನಮ್ಮಲ್ಲಿ ಬರೆಯೋಕೆ ಬಹಳ ಎಚ್ಚರ ಬೇಕು. ನಮ್ಮ ಊರುಗಳಲ್ಲಿ ಆಳು ಅಂದ ಕೂಡಲೇ ಜಾತಿ ಬರುತ್ತದೆ, ಜೀತದ ನೆನಪು ಬರುತ್ತದೆ, ಅದನ್ನು ಕಂಡು ಬದುಕಿದವರು ಎದುರಿಗೇ ಕೂತಿರುತ್ತಾರೆ. ನಾನಂತೂ ಅದನ್ನು ಮುಟ್ಟಲಿಲ್ಲ. ಕುರ್ಚಿಯಲ್ಲಿ ಕೂತವರನ್ನು ನೋಡಿ ನಗೋಣ, ಸರತಿಯಲ್ಲಿ ನಿಂತವರನ್ನು ನೋಡಿ ಅಲ್ಲ.

ರಕ್ತ ಬೇಡ, ಬೇರೆ ಏನಾದರೂ ನೋಡ್ತೀವಿ ಅನ್ನುವವರಿಗೆ ಇನ್ನೆರಡು ಇವೆ. ಒಂದು ‘ಲಿಲಿಹ್ಯಾಮರ್’, 2012ರದ್ದು, ಮೂರು ಸೀಸನ್. ನ್ಯೂಯಾರ್ಕಿನ ಒಬ್ಬ ಮಾಫಿಯಾದವನು ಸರ್ಕಾರಕ್ಕೆ ಸಾಕ್ಷಿ ಹೇಳಿ, ಅಡಗಿಕೊಳ್ಳೋಕೆ ನಾರ್ವೆಯ ಲಿಲ್ಲೆಹಾಮರ್ ಊರು ಕೇಳಿಕೊಳ್ಳುತ್ತಾನೆ, 1994ರ ಚಳಿಗಾಲದ ಒಲಿಂಪಿಕ್ಸ್ ನಡೆದ ಊರು ಅದು. ಪಿಸ್ತೂಲು ತೋರಿಸಿ ಕೆಲಸ ಮಾಡಿಸಿಕೊಂಡ ಮನುಷ್ಯ ಅಲ್ಲಿನ ಆಫೀಸುಗಳ ನಿಯಮಕ್ಕೆ ಸಿಕ್ಕಿ ಒದ್ದಾಡುತ್ತಾನೆ. ಇದರಲ್ಲೂ ಹೊಡೆದಾಟ ಇದೆ, ಆದರೆ ಕಡಿಮೆ. ಇನ್ನೊಂದು ‘ಮಕ್ತಾ’, 2023ರದ್ದು, ಎನ್‌ಆರ್‌ಕೆಯದೇ. ಮುಂದೆ 1981ರಲ್ಲಿ ನಾರ್ವೆಯ ಮೊದಲ ಮಹಿಳಾ ಪ್ರಧಾನಿಯಾದ ಗ್ರೂ ಹಾರ್ಲೆಮ್ ಬ್ರುಂಟ್‌ಲಾಂಡ್ ಮತ್ತು ಅವರ ಪಕ್ಷದ ಒಳಜಗಳದ ಕಥೆ. ಕಥೆ 1970ರ ದಶಕದ್ದು, ಆದರೆ ಬೀದಿಯಲ್ಲಿ ಇವತ್ತಿನ ಕಾರುಗಳು ಹಾಗೇ ಓಡಾಡುತ್ತವೆ. ಬೇಕಂತಲೇ ಬಿಟ್ಟಿದ್ದಾರೆ. ಕೈಯಲ್ಲಿ ದುಡ್ಡಿಲ್ಲದ ನಮ್ಮಂಥ ತಂಡಗಳಿಗೆ ಇದೊಂದು ದೊಡ್ಡ ಧೈರ್ಯ. ಹಿಂದೆ ಗಣಪತಿ ಪೆಂಡಾಲಿನ ಬ್ಯಾನರ್ ಕಾಣಿಸುತ್ತದೆ, ಟ್ಯೂಬ್‌ಲೈಟ್ ಕಾಣಿಸುತ್ತದೆ ಅಂತ ಪರದೆ ಹುಡುಕಬೇಡಿ. ಕಾಣಲಿ ಬಿಡಿ.

ವೇಷಕ್ಕೂ ಅಷ್ಟೇ. ಧೋತರ, ರುಮಾಲು, ಒಂದು ಹಳೇ ಶಾಲು ಸಾಕು. ನೋರ್‌ಹೈಮ್‌ನವರ ತುಪ್ಪಳ ನೋಡಿ ಕಂಬಳಿ ಹೊದೆಯೋಕೆ ಹೋದರೆ ನಮ್ಮ ಸೆಕೆಯಲ್ಲಿ ಐದು ನಿಮಿಷಕ್ಕೆ ನಟ ಸುಸ್ತಾಗುತ್ತಾನೆ. ಬೇಸಿಗೆಯಾದರೆ ರಾತ್ರಿ ಎಂಟೂವರೆಗೆ ಮೊದಲು ಇಡಬೇಡಿ, ನೆಲ ಇನ್ನೂ ಕಾದಿರುತ್ತದೆ, ಕೂತವರು ಬೀಸಣಿಗೆ ಬೀಸುತ್ತಲೇ ಇರುತ್ತಾರೆ. ಮೈಕ್ ಕೈಯಲ್ಲಿ ಕೊಡಬೇಡಿ, ಮುಂದೆ ಎರಡು ನಿಲ್ಲಿಸಿ. ಕರೆಂಟ್ ಹೋದರೆ ನಿಲ್ಲಿಸದೆ ದನಿ ಎತ್ತಿ ಮುಂದುವರಿಸೋದನ್ನ ಒಂದು ತಾಲೀಮಿನಲ್ಲಿ ಅಭ್ಯಾಸ ಮಾಡಿಸಿ.

ಒಂದು ವಸ್ತು ಮಾತ್ರ ನಿಜವಾದ್ದೇ ಇರಲಿ, ಅದು ಕಲ್ಲು. ಮೊದಲು ನಾವು ಥರ್ಮಾಕೋಲಿಗೆ ಬೂದು ಬಣ್ಣ ಬಳಿದಿದ್ದೆವು, ದೂರದಿಂದ ಕಲ್ಲಿನ ಹಾಗೇ ಕಾಣುತ್ತಿತ್ತು. ಆದರೆ ಮುತ್ಯಾನ ಪಾರ್ಟಿನ ಹುಡುಗ ಅದನ್ನು ಎತ್ತಿದಾಗ ಅವನ ಭುಜ, ಕುತ್ತಿಗೆ, ಕಾಲು ಯಾವುದೂ ನಂಬೋ ಹಾಗಿರಲಿಲ್ಲ. ಆಮೇಲೆ ನೆಲಕ್ಕೆ ಹಾಸುವ ಶಹಾಬಾದ್ ಫರ್ಸಿ ಕಲ್ಲು ತಂದೆವು, ಒಂದೇ ಅಳತೆಯ ಎರಡು. ಈಗ ಎತ್ತೋಕೆ ಇಬ್ಬರು ಬೇಕಾದರು, ಮುತ್ಯಾನ ಜೊತೆ ಮೊಮ್ಮಗ ಅಂತ ಒಬ್ಬನನ್ನು ಸೇರಿಸಬೇಕಾಯಿತು. ಮೊದಲನೆಯದನ್ನು ಹೊತ್ತು ತಂದು ಇಳಿಸುತ್ತಾರೆ, ಉಸಿರು ಬಿಡುತ್ತಾರೆ, ಎರಡನೆಯದಕ್ಕೆ ವಾಪಸ್ ಹೋಗುತ್ತಾರೆ. ಅಷ್ಟು ಹೊತ್ತೂ ವೇದಿಕೆ ಮೇಲೆ ಮಾತಿಲ್ಲ, ಕಾಕಾ ಪುಸ್ತಕ ನೋಡುತ್ತಾ ಕೂತಿರುತ್ತಾರೆ. ನಾವು ಎಣಿಸಿದೆವು, ನಲವತ್ತು ಸೆಕೆಂಡ್ ಆಗುತ್ತಿತ್ತು. ಅದನ್ನು ಕಡಿಮೆ ಮಾಡಬೇಡಿ. ಜನ ಜೋರಾಗಿ ನಕ್ಕದ್ದು ಆ ನಲವತ್ತು ಸೆಕೆಂಡಿನಲ್ಲೇ.

ಕೊನೆಯ ದೃಶ್ಯದಲ್ಲಿ ನ್ಯಾಯ ಕೊಡಿಸೋಕೆ ಹೋಗಬೇಡಿ, ಮೇಲಿನ ಅಧಿಕಾರಿ ಬಂದು ಸಾಹೇಬರಿಗೆ ಬೈಯೋದು, ಮುತ್ಯಾ ಜನರ ಕಡೆ ತಿರುಗಿ ಭಾಷಣ ಮಾಡೋದು ಎರಡೂ ಬೇಡ. ನಮ್ಮಲ್ಲಿ ಎರಡು ಕಲ್ಲೂ ಬಂದ ಮೇಲೆ ಕಾಕಾ ಎದ್ದು ಬಂದು ಗೇಣು ಹಾಕಿ ಅಳೆಯುತ್ತಾರೆ. ಬರಾಬರಿ ಅದಾವ್ ಮುತ್ಯಾ, ಅಂತಾರೆ. ಉಳಿ ಎಲ್ಲ್ಯದರಿ, ಅಂತಾನೆ ಮುತ್ಯಾ. ಸಾಣೆಗೆ ಹೋಗ್ಯದ, ನೀರು ಕುಡೀರಿ, ಅಂತ ಚೊಂಬು ಕೊಡುತ್ತಾರೆ. ಅವನು ಕುಡಿದು, ತಾನೇ ತಂದ ಕಲ್ಲಿನ ಮೇಲೆ ಕೂರುತ್ತಾನೆ. ಲೈಟ್ ಆರಿಸಿ.

ಮತ್ತೆ ಫರ್ಸಿ ಯಾರ ಮನೆಯಿಂದ ತಂದಿರುತ್ತೀರೋ ಅವರಿಗೆ ಅದೇ ರಾತ್ರಿ ಮುಟ್ಟಿಸಿ. ಬಚ್ಚಲಿಗೋ ಅಂಗಳಕ್ಕೋ ಹಾಸೋಕೆ ಅಂತ ತೆಗೆದಿಟ್ಟಿರುತ್ತಾರೆ. ಹೊರುವಾಗ ಒಬ್ಬ ಮುಂದೆ ಒಬ್ಬ ಹಿಂದೆ, ಅಂಚಿಗೆ ಗೋಣಿಚೀಲ ಸುತ್ತಿಕೊಳ್ಳಿ, ಇಲ್ಲಾಂದ್ರೆ ಮೂಲೆ ಒಡೆಯುತ್ತದೆ.